‘ಕಾರ್ಯನಿರತ’ ಎಂಬ ವಿಶೇಷಣ: ಪತ್ರಕರ್ತರ ರಾಷ್ಟ್ರೀಯ ಒಕ್ಕೂಟದ ಪರಿಭಾಷೆಯ ಒಂದು ವಿಮರ್ಶೆ

೧

ಪತ್ರಕರ್ತರ ಸಂಘಟನೆಗಳ ಚರಿತ್ರೆಯನ್ನು ಬರೆಯುವ ಕ್ರಮ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯದು. ಸ್ಮರಣ ಸಂಚಿಕೆಗಳಲ್ಲಿ ಅದು ಅಧ್ಯಕ್ಷರ, ಸಮ್ಮೇಳನಗಳ, ಠರಾವುಗಳ ಪಟ್ಟಿಯಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಪತ್ರಿಕಾ ಸ್ವಾತಂತ್ರ್ಯದ ಅಧ್ಯಾಯಕ್ಕೆ ಅಂಟಿಕೊಂಡ ಒಂದು ಪುಟವಾಗುತ್ತದೆ. ಎರಡರಲ್ಲಿಯೂ ಎದುರಾಗದಿರುವುದು ಆ ಸಂಘಟನೆಗಳು ತಮ್ಮನ್ನು ತಾವು ಕರೆದುಕೊಂಡ ಹೆಸರಿನ ವಿಚಾರ. ಸಂಘಟನೆಯ ಮಟ್ಟಿಗೆ ಹೆಸರೆಂಬುದು ಬರಿಯ ಗುರುತಲ್ಲ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಮೊದಲಿಗೆ ತೀರ್ಮಾನಿಸುವುದು ಅದೇ.

ಇಂಡಿಯನ್ ಫೆಡರೇಷನ್ ಆಫ್ ವರ್ಕಿಂಗ್ ಜರ್ನಲಿಸ್ಟ್ಸ್ ಎಂಬ ಹೆಸರಿನಿಂದ ೧೯೫೦ರಲ್ಲಿ ದೆಹಲಿಯಲ್ಲಿ ಹುಟ್ಟಿದ ಒಕ್ಕೂಟವು ‘ವರ್ಕಿಂಗ್’ ಎಂಬ ವಿಶೇಷಣವನ್ನು ಆಕಸ್ಮಿಕವಾಗಿ ಆರಿಸಿಕೊಂಡದ್ದಲ್ಲ. ಐದು ವರ್ಷಗಳೊಳಗೆ ಆ ವಿಶೇಷಣ ಸಂಸತ್ತಿನ ಶಾಸನವೊಂದರ ಶೀರ್ಷಿಕೆಗೆ ಏರಿತು. ಅರವತ್ತು ವರ್ಷಗಳಿಗೂ ಮಿಕ್ಕಿ ಭಾರತೀಯ ಪತ್ರಕರ್ತರ ಸಂಬಳ, ರಜೆ, ಉಪದಾನಗಳ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿತು. ಕನ್ನಡದಲ್ಲಿ ಅದು ‘ಕಾರ್ಯನಿರತ’ ಎಂದಾಯಿತು. ಈ ಭಾಷಾಂತರದಲ್ಲಿ ಏನು ಉಳಿಯಿತು, ಏನು ಸೋರಿಹೋಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಕ್ಕೂಟ ಗೆದ್ದ ಶಬ್ದವೇ ಅದರ ಬೇಲಿಯೂ ಆಯಿತು ಎಂಬುದು ಇಲ್ಲಿನ ವಾದ. ಕನ್ನಡನಾಡಿನಲ್ಲಿ ಆ ಬೇಲಿಯ ಹೊರಗೆ ಉಳಿದವರ ಸಂಖ್ಯೆ ಒಳಗಿದ್ದವರಿಗಿಂತ ಸಣ್ಣದೆಂದು ಯಾರೂ ಹೇಳಲಾರರು.

೨

ಒಕ್ಕೂಟಕ್ಕೆ ಮುನ್ನ ಅಖಿಲ ಭಾರತ ಮಟ್ಟದಲ್ಲಿ ಎರಡು ಪ್ರಮುಖ ಸಂಸ್ಥೆಗಳಿದ್ದವು. ೧೯೩೯ರಲ್ಲಿ ಸ್ಥಾಪಿತವಾದ ಇಂಡಿಯನ್ ಅಂಡ್ ಈಸ್ಟರ್ನ್ ನ್ಯೂಸ್‌ಪೇಪರ್ ಸೊಸೈಟಿ ಪತ್ರಿಕೆಗಳ ಒಡೆಯರದು; ಇಂದಿನ ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ ಅದರ ಮುಂದುವರಿಕೆ. ೧೯೪೦ರಲ್ಲಿ ಹುಟ್ಟಿದ ಅಖಿಲ ಭಾರತ ವೃತ್ತಪತ್ರಿಕಾ ಸಂಪಾದಕರ ಸಮ್ಮೇಳನ ಸಂಪಾದಕರದು. ಯುದ್ಧಕಾಲದ ನಿರ್ಬಂಧಗಳ ನಡುವೆ ಸರ್ಕಾರದೊಡನೆ ಮಾತನಾಡಲು ಪತ್ರಿಕೆಗಳಿಗೊಂದು ಬಾಯಿ ಬೇಕಿತ್ತು, ಸಮ್ಮೇಳನ ಆ ಬಾಯಿಯಾಯಿತು. ಅದರ ಮೊದಲ ಅಧ್ಯಕ್ಷರು ‘ದಿ ಹಿಂದೂ’ ಪತ್ರಿಕೆಯ ಕಸ್ತೂರಿ ಶ್ರೀನಿವಾಸನ್. ಅವರು ಸಂಪಾದಕರೂ ಹೌದು, ಒಡೆತನದ ಮನೆಯವರೂ ಹೌದು. ವಿದೇಶೀ ಆಡಳಿತದ ಎದುರಿನಲ್ಲಿ ಈ ಎರಡು ಪಾತ್ರಗಳ ನಡುವಣ ಭೇದ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಸ್ವಾತಂತ್ರ್ಯ ಬಂದ ಕೂಡಲೇ ಕಂಡಿತು.

ಕಾಣಿಸಿದ ರೀತಿ ಸ್ವಾರಸ್ಯಕರವಾದದ್ದು. ೧೯೪೭ರ ಕೈಗಾರಿಕಾ ವಿವಾದಗಳ ಅಧಿನಿಯಮದಲ್ಲಿ ‘ಕಾರ್ಮಿಕ’ ಎಂಬುದಕ್ಕೆ ಕೈದುಡಿಮೆಯ ಅಥವಾ ಗುಮಾಸ್ತಿಕೆಯ ಕೆಲಸ ಮಾಡುವವನು ಎಂಬ ಅರ್ಥವಿತ್ತು. ಮುದ್ರಣಾಲಯದಲ್ಲಿ ನಿಂತು ಅಚ್ಚಿನ ಮೊಳೆ ಜೋಡಿಸುವವನು ಈ ಅರ್ಥದೊಳಗೆ ಬರುತ್ತಿದ್ದ. ಅವನನ್ನು ಅನ್ಯಾಯವಾಗಿ ತೆಗೆದುಹಾಕಿದರೆ ನ್ಯಾಯಮಂಡಳಿಯ ಬಾಗಿಲು ಬಡಿಯಬಹುದಾಗಿತ್ತು. ಅದೇ ಕಟ್ಟಡದ ಮಾಳಿಗೆಯಲ್ಲಿ ಕುಳಿತು, ಅವನು ಜೋಡಿಸಬೇಕಾದ ಸುದ್ದಿಯನ್ನು ರಾತ್ರಿಯೆಲ್ಲ ತಿದ್ದುತ್ತಿದ್ದ ಉಪಸಂಪಾದಕ ಬುದ್ಧಿಜೀವಿಯಾದ್ದರಿಂದ ಕಾರ್ಮಿಕನಲ್ಲ. ಆದಕಾರಣ ಅವನಿಗೆ ಬಾಗಿಲೂ ಇಲ್ಲ. ಗೌರವವೇ ನಷ್ಟಕ್ಕೆ ಕಾರಣವಾಗುವ ಇಂಥ ಸಂದರ್ಭಗಳು ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಅಪರೂಪವೇನಲ್ಲ. ಶಾಲಾ ಮಾಸ್ತರರ ಕಥೆಯೂ ಬಹುಕಾಲ ಹೀಗೆಯೇ ಇತ್ತು.

ಈ ಗೌರವವನ್ನು ಬಿಟ್ಟುಕೊಡಲು ಸಿದ್ಧರಾದದ್ದು ಒಕ್ಕೂಟದ ಸ್ಥಾಪಕರ ನಿಜವಾದ ಧೈರ್ಯ. ಮೊದಲ ಅಧ್ಯಕ್ಷ ಎಂ. ಚಲಪತಿ ರಾವ್ ಲಖನೌದ ‘ನ್ಯಾಷನಲ್ ಹೆರಾಲ್ಡ್’ ಪತ್ರಿಕೆಯ ಸಂಪಾದಕರು. ೧೯೪೬ರಿಂದ ೧೯೭೮ರವರೆಗೆ ಆ ಹೊಣೆಯನ್ನು ಹೊತ್ತವರು. ಅಂಥವರು ಸಂಪಾದಕರ ಸಮ್ಮೇಳನದಲ್ಲಿ ಒಂದು ಕುರ್ಚಿಯೊಂದಿಗೆ ತೃಪ್ತರಾಗಬಹುದಾಗಿತ್ತು. ಹಾಗಾಗದೆ, ಸಂಪಾದಕನೂ ಸಂಬಳಕ್ಕೆ ದುಡಿಯುವವನೇ ಎಂಬ ನಿಲುವಿನ ಸಂಘಟನೆಗೆ ಅವರು ಮುಖವಾದರು. ೧೯೫೨ರಲ್ಲಿ ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷ ಅವರ ಅಧ್ಯಕ್ಷತೆಯಲ್ಲಿ ಮೊದಲ ಪತ್ರಿಕಾ ಆಯೋಗ ನೇಮಕವಾದಾಗ ಚಲಪತಿ ರಾವ್ ಅದರ ಸದಸ್ಯರಾದರು. ಆಚಾರ್ಯ ನರೇಂದ್ರ ದೇವ, ಜಾಕಿರ್ ಹುಸೇನ್, ಸಿ.ಪಿ. ರಾಮಸ್ವಾಮಿ ಅಯ್ಯರ್ ಮೊದಲಾದವರಿದ್ದ ಆ ಆಯೋಗದಲ್ಲಿ, ಮುಂದೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೂ ಇದ್ದರು. ಪತ್ರಿಕೆಯನ್ನು ಧ್ಯೇಯವೆಂದಷ್ಟೇ ಅಲ್ಲದೆ ಆಯವ್ಯಯವುಳ್ಳ ಉದ್ದಿಮೆಯೆಂದೂ ನೋಡಿದ್ದು ೧೯೫೪ರ ಆಯೋಗದ ವರದಿಯ ವಿಶೇಷ. ಅದರ ಮರುವರ್ಷವೇ ಎರಡು ಶಾಸನಗಳು ಬಂದವು. ಮೊದಲನೆಯದು ಕೈಗಾರಿಕಾ ವಿವಾದಗಳ ಕಾನೂನನ್ನು ಪತ್ರಕರ್ತರಿಗೆ ವಿಸ್ತರಿಸುವ ಚಿಕ್ಕ ಕಾಯಿದೆ. ಎರಡನೆಯದು ಡಿಸೆಂಬರ್‌ನಲ್ಲಿ ಬಂದ, ಸೇವಾ ಷರತ್ತುಗಳನ್ನು ಕುರಿತ ಸಮಗ್ರ ಅಧಿನಿಯಮ. ಹುಟ್ಟಿ ಐದು ವರ್ಷವಾದ ಸಂಘಟನೆಯೊಂದಕ್ಕೆ ಇದಕ್ಕಿಂತ ದೊಡ್ಡ ಫಲ ಸಿಕ್ಕ ನಿದರ್ಶನ ಸ್ವತಂತ್ರ ಭಾರತದ ವೃತ್ತಿಸಂಘಗಳ ಚರಿತ್ರೆಯಲ್ಲಿ ವಿರಳ.

೩

೧೯೫೫ರ ಅಧಿನಿಯಮವನ್ನು ಸಾಹಿತ್ಯದ ವಿದ್ಯಾರ್ಥಿಯೊಬ್ಬ ಓದುವಂತೆ ಓದಬೇಕು. ಅದರ ವ್ಯಾಖ್ಯೆಯ ಪ್ರಕಾರ ಕಾರ್ಯನಿರತ ಪತ್ರಕರ್ತನೆಂದರೆ, ಪತ್ರಕರ್ತತನವೇ ಪ್ರಧಾನ ವೃತ್ತಿಯಾಗಿದ್ದು, ವೃತ್ತಪತ್ರಿಕಾ ಸಂಸ್ಥೆಯೊಂದರಲ್ಲಿ ಅದೇ ಕೆಲಸಕ್ಕೆ ನೇಮಕಗೊಂಡವನು. ಮುಂದೆ ಒಂದು ಪಟ್ಟಿಯಿದೆ: ಸಂಪಾದಕನಿಂದ ಆರಂಭಿಸಿ ಅಗ್ರಲೇಖನ ಬರೆಯುವವನು, ಸುದ್ದಿ ಸಂಪಾದಕ, ಉಪಸಂಪಾದಕ, ವರದಿಗಾರ, ಬಾತ್ಮೀದಾರ, ವ್ಯಂಗ್ಯಚಿತ್ರಕಾರ, ಸುದ್ದಿ ಛಾಯಾಗ್ರಾಹಕ ಮುಂತಾದವರನ್ನು ಹಾದು ಕರಡಚ್ಚು ತಿದ್ದುವವನಲ್ಲಿಗೆ ಅದು ಮುಗಿಯುತ್ತದೆ. ಆಡಳಿತದ ಕೆಲಸವೇ ಮುಖ್ಯವಾಗಿದ್ದವರು ಹೊರಗೆ.

ಈ ಪಟ್ಟಿಯ ಎರಡು ತುದಿಗಳೂ ಗಮನಾರ್ಹ. ಮೇಲಿನ ತುದಿಯಲ್ಲಿ ಸಂಪಾದಕನನ್ನು ಸೇರಿಸಿದ್ದರಿಂದ ಅವನನ್ನು ಒಡೆಯನ ಬಳಗದಿಂದ ಬಿಡಿಸಿ ತಂದಂತಾಯಿತು. ಚಲಪತಿ ರಾವ್ ಅವರ ನಿಲುವು ಕಾನೂನಿನ ಭಾಷೆಯಾಯಿತು. ಕೆಳಗಿನ ತುದಿಯಲ್ಲಿ ಕರಡಚ್ಚು ತಿದ್ದುವವನನ್ನು ಸೇರಿಸಿದ್ದರಿಂದ ಬರೆಯುವ ಮೇಜಿಗೂ ಅಚ್ಚಿನ ಯಂತ್ರಕ್ಕೂ ನಡುವಣ ಗಡಿರೇಖೆ ಎಲ್ಲಿ ಬೀಳಬೇಕೆಂಬುದು ನಿರ್ಧಾರವಾಯಿತು. ಆ ರೇಖೆಯಾಚೆಯ ನೌಕರರು ಈ ಕಾಯಿದೆಯೊಳಕ್ಕೆ ಬರಲು ೧೯೭೪ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಕಾರ್ಮಿಕನೆಂಬ ಹೆಸರನ್ನು ಬೇಡಿ ಪಡೆದವರು ತಮಗಿಂತ ಮೊದಲೇ ಕಾರ್ಮಿಕರಾಗಿದ್ದವರ ಜೊತೆ ಒಂದೇ ಶೀರ್ಷಿಕೆಯಡಿ ನಿಲ್ಲಲು ಹತ್ತೊಂಬತ್ತು ವರ್ಷ ಹಿಡಿಯಿತೆಂಬುದನ್ನು ಒಕ್ಕೂಟದ ಪ್ರಶಂಸಕರು ಅಷ್ಟಾಗಿ ನೆನೆಯುವುದಿಲ್ಲ.

ಸಂಪಾದಕನ ವಿಷಯದಲ್ಲಿಯೂ ಶಾಸನಕಾರರ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ೧೯೭೮ರ ಭಾರತೀಯ ಪತ್ರಿಕಾ ಮಂಡಳಿ ಅಧಿನಿಯಮವು ಹದಿಮೂರು ಸ್ಥಾನಗಳನ್ನು ಕಾರ್ಯನಿರತ ಪತ್ರಕರ್ತರಿಗೆ ಮೀಸಲಿಟ್ಟು, ಅವುಗಳಲ್ಲಿ ಆರು ಸಂಪಾದಕರಿಗೆ, ಏಳು ಸಂಪಾದಕರಲ್ಲದವರಿಗೆ ಎಂದು ವಿಂಗಡಿಸುತ್ತದೆ. ಸಂಪಾದಕ ಕಾರ್ಯನಿರತನೂ ಹೌದು, ಬೇರೆಯವನೂ ಹೌದು! ತುರ್ತುಪರಿಸ್ಥಿತಿಯ ಅನುಭವದ ಬೆನ್ನಿಗೆ ಅದೇ ೧೯೭೮ರಲ್ಲಿ ಎಡಿಟರ್ಸ್ ಗಿಲ್ಡ್ ಆಫ್ ಇಂಡಿಯಾ ಸ್ಥಾಪನೆಯಾದದ್ದು ಈ ಇಬ್ಬಂದಿತನದ ಮುಂದಿನ ಹೆಜ್ಜೆಯೆಂದೇ ತಿಳಿಯಬೇಕಾಗುತ್ತದೆ.

ಆದರೆ ಈ ಕಾಯಿದೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಉಪದಾನ ಕುರಿತ ಐದನೆಯ ಕಲಮು. ಮೂಲ ಪಾಠದಲ್ಲಿ, ಮೂರು ವರ್ಷ ಸೇವೆ ಸಲ್ಲಿಸಿದ ಪತ್ರಕರ್ತನು ತಾನಾಗಿಯೇ ರಾಜೀನಾಮೆ ನೀಡಿದರೂ ಉಪದಾನಕ್ಕೆ ಅರ್ಹನಾಗುತ್ತಿದ್ದ. ಒಡೆಯರು ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣದಲ್ಲಿ ೧೯೫೮ರ ಮಾರ್ಚ್‌ನಲ್ಲಿ ಬಂದ ತೀರ್ಪು ಅಧಿನಿಯಮವನ್ನು ಒಟ್ಟಾರೆಯಾಗಿ ಎತ್ತಿಹಿಡಿದು, ಈ ಒಂದು ಅಂಶವನ್ನು ಅಸಮಂಜಸವೆಂದು ತಳ್ಳಿಹಾಕಿತು. ಬಳಿಕ ೧೯೬೨ರ ತಿದ್ದುಪಡಿಯಲ್ಲಿ ಕಲಮು ಹೊಸ ರೂಪ ತಾಳಿತು: ಬೇರಾವುದೇ ಕಾರಣಕ್ಕೆ ಬಿಟ್ಟುಹೋಗುವವನಿಗೆ ಹತ್ತು ವರ್ಷದ ಸೇವೆ ಆಗಿರಬೇಕು, ಮನಸ್ಸಾಕ್ಷಿಯ ಕಾರಣಕ್ಕೆ ಬಿಟ್ಟುಹೋಗುವವನಿಗೆ ಮೂರೇ ವರ್ಷ ಸಾಕು.

ಮನಸ್ಸಾಕ್ಷಿ ಎಂದರೇನೆಂದು ಕಾಯಿದೆ ವಿವರಿಸುವುದಿಲ್ಲ. ವಿವರಿಸಲು ಹೋಗಿದ್ದರೆ ಅದು ಕೆಟ್ಟುಹೋಗುತ್ತಿತ್ತು. ಪತ್ರಿಕೆಯ ಒಡೆತನ ಬದಲಾಗಿ ನೀತಿ ತಲೆಕೆಳಗಾದಾಗ, ನಿನ್ನೆಯವರೆಗೆ ಖಂಡಿಸಿದ್ದನ್ನು ಇಂದಿನಿಂದ ಹೊಗಳಿ ಬರೆಯಬೇಕಾದಾಗ, ಉಪಸಂಪಾದಕನೊಬ್ಬ ಎದ್ದು ಹೊರನಡೆಯುವ ಸಂದರ್ಭವನ್ನು ಅದು ಕಲ್ಪಿಸಿಕೊಂಡಿತ್ತು. ಹಾಗೆ ನಡೆದವನು ಬರಿಗೈಯಲ್ಲಿ ಹೋಗದಂತೆ ನೋಡಿಕೊಂಡಿತ್ತು. ಕೂಲಿಯ ಪ್ರಶ್ನೆ ಬೇರೆ, ಅಭಿವ್ಯಕ್ತಿಯ ಪ್ರಶ್ನೆ ಬೇರೆ ಎಂದು ಸಾಮಾನ್ಯವಾಗಿ ವಿಂಗಡಿಸುವವರಿಗೆ ಈ ಕಲಮು ಉತ್ತರ. ಬರಹಗಾರನ ಮನಸ್ಸಾಕ್ಷಿಗೆ ಆಧಾರವಾಗಿ ಒಂದಿಷ್ಟು ಹಣ ಇರಬೇಕೆಂಬ ತಿಳಿವಳಿಕೆ ಅದರಲ್ಲಿದೆ. ‘ವರ್ಕಿಂಗ್’ ಎಂಬ ವಿಶೇಷಣದ ಸಾರ್ಥಕ್ಯವೂ ಇಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ. ಶಾಸನದ ಸಾಲಿನಲ್ಲಿ ದುಡಿಮೆಗಾರ ಮತ್ತು ಬರಹಗಾರ ಇಬ್ಬರೂ ಒಂದೇ ದೇಹದಲ್ಲಿ ಸಿಕ್ಕುವ ಜಾಗ ಇದೊಂದೇ.

ವೇತನ ಮಂಡಳಿಗಳ ಕಥೆ ಸುಪರಿಚಿತವಾದ್ದರಿಂದ ಇಲ್ಲಿ ಬೆಳೆಸಬೇಕಾಗಿಲ್ಲ. ನ್ಯಾಯಮೂರ್ತಿ ದಿವಾಟಿಯಾ ಮಂಡಳಿಯ ನಿರ್ಣಯವನ್ನು ಅದೇ ೧೯೫೮ರ ತೀರ್ಪು ಪತ್ರಿಕೆಗಳ ಪಾವತಿ ಸಾಮರ್ಥ್ಯವನ್ನು ಪರಿಗಣಿಸಿಲ್ಲವೆಂಬ ಕಾರಣದಿಂದ ರದ್ದುಗೊಳಿಸಿತು. ಆ ವರ್ಷವೇ ಇನ್ನೊಂದು ಶಾಸನ ತಂದು ದರಗಳನ್ನು ನಿಗದಿಗೊಳಿಸಬೇಕಾಯಿತು. ಮುಂದೆ ಶಿಂದೆ, ಪಾಳೇಕರ್, ಬಛಾವತ್, ಮಣಿಸಾನ, ಮಜೀಠಿಯಾ ಎಂದು ನ್ಯಾಯಮೂರ್ತಿಗಳ ಹೆಸರುಗಳೇ ಸುದ್ದಿಮನೆಗಳಲ್ಲಿ ಸಂಬಳದ ಶ್ರೇಣಿಗಳ ಹೆಸರಾದವು. ‘ನಮ್ಮಲ್ಲಿ ಪಾಳೇಕರ್ ಕೊಡುತ್ತಾರೆ’ ಎಂಬ ಮಾತಿಗೆ ಹೊರಗಿನವರು ಏನು ಅರ್ಥ ಮಾಡಿಕೊಂಡಿದ್ದಾರು!

೪

ಈಗ ಕನ್ನಡದ ವಿಚಾರಕ್ಕೆ ಬರಬಹುದು. ‘ವರ್ಕಿಂಗ್ ಜರ್ನಲಿಸ್ಟ್’ ಎಂಬುದನ್ನು ಹಿಂದಿ ‘ಶ್ರಮಜೀವಿ ಪತ್ರಕಾರ’ ಎಂದಿತು. ಮರಾಠಿ ‘ಶ್ರಮಿಕ ಪತ್ರಕಾರ’ ಎಂದಿತು. ಪುಣೆಯ ಸಂಘ ಇಂದಿಗೂ ಆ ಹೆಸರಿನದೇ. ಮಲಯಾಳದಲ್ಲಿ ವಿಶೇಷಣವನ್ನೇ ಕೈಬಿಟ್ಟು ‘ಪತ್ರಪ್ರವರ್ತಕ ಯೂನಿಯನ್’ ಎಂದರು. ಆದರೆ ‘ಯೂನಿಯನ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡರು. ಕನ್ನಡ ಮಾತ್ರ ‘ಕಾರ್ಯನಿರತ’ವನ್ನು ಆರಿಸಿಕೊಂಡು, ‘ಯೂನಿಯನ್’ ಎಂಬುದನ್ನೂ ‘ಸಂಘ’ ಎಂದು ಮೃದುಗೊಳಿಸಿತು. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಕೇರಳದ ಮತ್ತು ಕರ್ನಾಟಕದ ಸಂಘಟನೆಗಳೆರಡೂ ಕೆ.ಯು.ಡಬ್ಲ್ಯು.ಜೆ. ಎಂದೇ ಆಗುತ್ತವೆ. ಹೆಸರನ್ನು ತಂತಮ್ಮ ಭಾಷೆಗೆ ಬಿಡಿಸಿದಾಗ ಅವೆರಡೂ ಬೇರೆ ಬೇರೆ ಲೋಕಗಳವು.

ಶ್ರಮಜೀವಿ ಎಂದರೆ ಶ್ರಮದಿಂದ ಜೀವಿಸುವವನು. ಆ ಪದದೊಳಗೆ ಹೊಟ್ಟೆಯಿದೆ, ಹೊಟ್ಟೆಯಿರುವುದರಿಂದ ಕೂಲಿಯಿದೆ, ಕೂಲಿಯಿರುವುದರಿಂದ ಕೊಡಬೇಕಾದವನೊಬ್ಬನಿದ್ದಾನೆ. ‘ಕಾರ್ಯನಿರತ’ದಲ್ಲಿ ಇವೊಂದೂ ಇಲ್ಲ. ಕಾರ್ಯದಲ್ಲಿ ತೊಡಗಿದವನು, ಮಗ್ನನಾದವನು ಎಂದಷ್ಟೇ ಅದರ ಅರ್ಥ. ಯೋಗಿಯೂ ಕಾರ್ಯನಿರತನಾಗಬಹುದು, ಜೇನುಹುಳುವೂ ಆಗಬಹುದು. ಅದು ಪ್ರಶಂಸೆಯ ಮಾತು. ಸಂಬಂಧವನ್ನು ಸೂಚಿಸುವ ಮಾತಲ್ಲ. ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಗಮನಿಸಬಹುದು. ವೃತ್ತಿಯನ್ನು ಕುರಿತ ನಮ್ಮ ಪ್ರಚಲಿತ ಪದವಾದ ‘ಪತ್ರಿಕೋದ್ಯಮ’ದಲ್ಲಿ ‘ಉದ್ಯಮ’ವಿದೆ. ಪ್ರಯತ್ನ, ಸಾಹಸ ಎಂಬ ಹಳೆಯ ಅರ್ಥದಿಂದ ಹೊರಟ ಆ ಪದ ಇಂದು ಉದ್ದಿಮೆಯೆಂಬ ಅರ್ಥಕ್ಕೆ ಬಂದು ನಿಂತಿದೆ. ಹೀಗೆ, ಕನ್ನಡದಲ್ಲಿ ಪತ್ರಿಕೆಗೆ ಉದ್ಯಮವಿದ್ದೂ ಅದರಲ್ಲಿ ದುಡಿಯುವವನಿಗೆ ಶ್ರಮವಿಲ್ಲದಂತಾಯಿತು.

ಈ ಆಯ್ಕೆಗೆ ಹಿನ್ನೆಲೆಯಿಲ್ಲದಿಲ್ಲ. ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘವು ತನ್ನ ಮೂಲವನ್ನು ೧೯೩೨ಕ್ಕೆ ಒಯ್ದು, ಡಿ.ವಿ. ಗುಂಡಪ್ಪನವರನ್ನು ಸ್ಥಾಪಕರೆಂದು ಸ್ಮರಿಸುತ್ತದೆ. ಪತ್ರಿಕಾವೃತ್ತಿಯ ಧರ್ಮಸೂಕ್ಷ್ಮಗಳನ್ನು ‘ವೃತ್ತಪತ್ರಿಕೆ’ ಎಂಬ ಪುಸ್ತಕದಲ್ಲಿ ಚರ್ಚಿಸಿದ ಡಿ.ವಿ.ಜಿ.ಯವರನ್ನು ಆದ್ಯರೆಂದು ಭಾವಿಸುವುದು ಯಾವ ಸಂಘಕ್ಕೂ ಭೂಷಣವೇ. ಆದರೆ ಒಂದು ಅಂಶವನ್ನು ಮರೆಯಲಾಗದು: ‘ಕರ್ನಾಟಕ’ ಪತ್ರಿಕೆಯನ್ನು ತಾವೇ ಹೊರಡಿಸಿ ತಾವೇ ಸಂಪಾದಿಸಿದ ಡಿ.ವಿ.ಜಿ. ೧೯೫೫ರ ಕಾಯಿದೆಯ ಅಳತೆಗೋಲಿನಲ್ಲಿ ಕಾರ್ಯನಿರತ ಪತ್ರಕರ್ತರೇ ಅಲ್ಲ! ಅವರನ್ನು ನೇಮಿಸಿಕೊಂಡವರು ಯಾರೂ ಇರಲಿಲ್ಲ. ‘ತಾಯಿನಾಡು’ವಿನ ಪಿ.ಆರ್. ರಾಮಯ್ಯನವರ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗುತ್ತದೆ. ಮೈಸೂರು ಸರ್ಕಾರದಿಂದ ಬಂದ ಸಂಭಾವನೆಯ ಚೆಕ್ಕುಗಳನ್ನು ಡಿ.ವಿ.ಜಿ. ನಗದು ಮಾಡಿಸದೆ ಹಾಗೆಯೇ ಇಟ್ಟಿದ್ದರೆಂಬ ಪ್ರಸಂಗ ಕನ್ನಡದಲ್ಲಿ ಮತ್ತೆ ಮತ್ತೆ ಹೇಳಲ್ಪಡುವಂಥದು. ಅದು ಅವರ ಘನತೆಯನ್ನು ತೋರಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಬಳ ಕೇಳುವ ಸಂಘಟನೆಯೊಂದು ಸಂಭಾವನೆಯನ್ನು ಮುಟ್ಟದ ಋಷಿಯನ್ನು ಮೂಲಪುರುಷನಾಗಿ ಇಟ್ಟುಕೊಂಡಾಗ ಅದರ ಧ್ವನಿಯಲ್ಲಿ ಒಂದು ಸಂಕೋಚ ಸೇರಿಕೊಳ್ಳುವುದು ಸಹಜ. ಹಣದ ಮಾತು ಆಡುವುದು ಮರ್ಯಾದೆಗೆ ಕುಂದೆಂಬ ಆ ಸಂಕೋಚಕ್ಕೆ ‘ಕಾರ್ಯನಿರತ’ ಒಪ್ಪುವ ಉಡುಪು. ‘ಶ್ರಮಜೀವಿ’ ಒಪ್ಪುತ್ತಿರಲಿಲ್ಲ.

ಕನ್ನಡ ಪತ್ರಿಕಾ ಚರಿತ್ರೆಯ ಬರವಣಿಗೆಯೂ ಇದೇ ಸಂಕೋಚವನ್ನು ಪೋಷಿಸಿತು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಆರಂಭವಾಗುವ ಆ ಚರಿತ್ರೆ ಮುಖ್ಯವಾಗಿ ಪತ್ರಿಕೆಗಳ ಮತ್ತು ಸಂಪಾದಕರ ಚರಿತ್ರೆ. ಶ್ರೀನಿವಾಸ ಹಾವನೂರರ ಪತ್ರಿಕಾ ಸೂಚಿಯಂಥ ಶ್ರಮಸಾಧ್ಯ ಆಕರ ನಮಗಿದೆ. ಆದರೆ ಸೂಚಿಯ ಸ್ವಭಾವವೇ ಶೀರ್ಷಿಕೆಗಳನ್ನು ಹಿಡಿದಿಡುವುದು, ಮೇಜುಗಳನ್ನಲ್ಲ. ಒಕ್ಕೂಟ ಹುಟ್ಟಿದ ಮರುವರ್ಷವೇ, ೧೯೫೧ರಲ್ಲಿ, ನಾಡಿಗ ಕೃಷ್ಣಮೂರ್ತಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆಯನ್ನು ಆರಂಭಿಸಿದರು. ಪತ್ರಕರ್ತನನ್ನು ತಯಾರಿಸುವ ವಿದ್ಯೆ ಮತ್ತು ಪತ್ರಕರ್ತನ ಹೊಟ್ಟೆಪಾಡಿನ ಹೋರಾಟ ಹೀಗೆ ಜೊತೆಜೊತೆಯಲ್ಲಿ ಹುಟ್ಟಿದವು. ಒಂದನ್ನು ಓದಿದವರು ಇನ್ನೊಂದರ ಬಗ್ಗೆ ಕೇಳುವ ಪ್ರಸಂಗ ತರಗತಿಯಲ್ಲಿ ಬರುವುದು ಕಡಿಮೆ.

ಶಬ್ದವೇ ಎಲ್ಲಕ್ಕೂ ಕಾರಣವೆಂದು ವಾದಿಸಿದರೆ ಅತಿಯಾದೀತು. ಬೇಲಿ ಮೂಲ ವ್ಯಾಖ್ಯೆಯಲ್ಲಿಯೇ ಇತ್ತು. ‘ಪ್ರಧಾನ ವೃತ್ತಿ’ ಎಂಬ ಷರತ್ತನ್ನು ನಮ್ಮ ತಾಲ್ಲೂಕು ಕೇಂದ್ರವೊಂದಕ್ಕೆ ಒಯ್ದು ನೋಡಬೇಕು. ಅಲ್ಲಿ ಪತ್ರಿಕೆಗೆ ಸುದ್ದಿ ಕಳುಹಿಸುವವನು ಹಲವು ಸಲ ಅದರ ಮಾರಾಟದ ಏಜೆಂಟನೂ ಆಗಿರುತ್ತಾನೆ. ಹಬ್ಬದ ವಿಶೇಷ ಪುರವಣಿಗೆ ಕಮಿಷನ್ ಮೇಲೆ ಜಾಹೀರಾತು ಕೂಡಿಸುವವನೂ ಅವನೇ. ಜೊತೆಗೆ ಒಂದು ಜೆರಾಕ್ಸ್ ಅಂಗಡಿಯೋ ಎರಡೆಕರೆ ಜಮೀನೋ ಇರುತ್ತದೆ. ಪ್ರಕಟವಾದ ಸುದ್ದಿಯ ಅಂಗುಲ ಲೆಕ್ಕಕ್ಕೋ ತಿಂಗಳಿಗಿಷ್ಟೆಂಬ ಗೌರವಧನಕ್ಕೋ ಅವನ ದುಡಿಮೆ ಒಪ್ಪಿತವಾಗಿರುತ್ತದೆ. ಬಾವಿಗೆ ಬಿದ್ದ ಮಗುವಿನ ಸುದ್ದಿ ತಿಳಿದು ರಾತ್ರಿ ಹನ್ನೊಂದಕ್ಕೆ ಬೈಕು ಹತ್ತುವವನು ಅವನು. ನಾಡಿನ ಸುದ್ದಿಯ ಬಹುಪಾಲು ಅವನ ಕೈಯಿಂದಲೇ ರಾಜಧಾನಿಗೆ ಬರುತ್ತದೆ. ಆದರೆ ಅವನ ಪ್ರಧಾನ ವೃತ್ತಿ ಯಾವುದು? ಪತ್ರಿಕೆ ಬದುಕಲು ಸಾಕಾಗುವಷ್ಟು ಕೊಡದ ಕಾರಣ ಅವನು ಬೇರೆ ಕಸುಬು ಹಿಡಿದ. ಬೇರೆ ಕಸುಬು ಹಿಡಿದ ಕಾರಣ ಪತ್ರಿಕೆ ಅವನಿಗೆ ಸಂಬಳ ಕೊಡಬೇಕಾಗಿಲ್ಲ.

ಕಾನೂನು ಇದನ್ನು ಕಾಣಲೇ ಇಲ್ಲವೆನ್ನುವಂತಿಲ್ಲ. ೧೯೮೧ರ ತಿದ್ದುಪಡಿ ‘ಪೂರ್ಣಾವಧಿಯಾಗಲಿ ಅರೆಕಾಲಿಕವಾಗಲಿ’ ಎಂಬ ಮಾತನ್ನು ವ್ಯಾಖ್ಯೆಗೆ ಸೇರಿಸಿತು. ವೇತನ ಹೆಚ್ಚು ಕೊಡಬೇಕಾಗುತ್ತದೆಂಬ ಕಾರಣಕ್ಕೆ ನೌಕರರನ್ನು ತೆಗೆಯುವಂತಿಲ್ಲವೆಂಬ ಹೊಸ ಕಲಮನ್ನೂ ತಂದಿತು. ಕಾಗದದ ಮೇಲೆ ತಾಲ್ಲೂಕಿನ ಬಾತ್ಮೀದಾರನಿಗೆ ಬಾಗಿಲು ತೆರೆಯಿತು. ಆದರೆ ಅವನ ಬಳಿ ನೇಮಕಾತಿ ಪತ್ರವೇ ಇಲ್ಲದಿದ್ದಾಗ ‘ನೇಮಕಗೊಂಡವನು’ ಎಂಬುದನ್ನು ಸಾಧಿಸುವ ಬಗೆ ಹೇಗೆ? ಅನೇಕರ ಬಳಿ ಇರುವ ಒಂದೇ ದಾಖಲೆ ಗುರುತಿನ ಚೀಟಿ. ಅದೂ ಕೆಲವೊಮ್ಮೆ ಪತ್ರಿಕೆಯದಲ್ಲ, ಸಂಘದ್ದು.

ಇಲ್ಲಿ ಸಂಘಟನೆಯ ನಡೆ ಒಂದು ತಿರುವು ಪಡೆಯಿತು. ಒಡೆಯನಿಂದ ದೊರೆಯದಿದ್ದುದನ್ನು ಸರ್ಕಾರದಿಂದ ಕೇಳುವ ಪದ್ಧತಿ ಬಂದಿತು: ವಾರ್ತಾ ಇಲಾಖೆಯ ಮಾನ್ಯತಾ ಪತ್ರ, ಬಸ್ ಪಾಸು, ನಿವೇಶನ, ಮಾಸಾಶನ, ಜಿಲ್ಲಾ ಕೇಂದ್ರದಲ್ಲೊಂದು ಪತ್ರಿಕಾ ಭವನ. ಇವುಗಳನ್ನು ಹಗುರವಾಗಿ ಕಾಣುವುದು ರಾಜಧಾನಿ ವಿಮರ್ಶಕರ ಚಾಳಿ. ಸಂಬಳವೇ ಇಲ್ಲದವನಿಗೆ ಬಸ್ ಪಾಸು ಸಂಬಳದ ಒಂದು ಭಾಗ. ಅಪಘಾತದಲ್ಲಿ ತೀರಿಕೊಂಡ ವರದಿಗಾರನ ಮನೆಗೆ ಸಂಘದವರು ಓಡಾಡಿ ತರಿಸಿಕೊಟ್ಟ ಪರಿಹಾರ ಆ ಮನೆಯ ಮಟ್ಟಿಗೆ ವೇತನ ಮಂಡಳಿಯ ಯಾವ ವರದಿಗಿಂತಲೂ ದೊಡ್ಡದು. ಜಿಲ್ಲಾ ಸಂಘಗಳ ಈ ಆಸರೆಯನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಹೇಳಬೇಕು. ಒಡೆಯನ ಎದುರು ನಿಲ್ಲಲೆಂದು ಹುಟ್ಟಿದ ಸಂಘಟನೆ ಮಂತ್ರಿಯ ಎದುರು ಮನವಿಪತ್ರ ಹಿಡಿದು ನಿಂತಾಗ ಒಡೆಯ ಆ ದೃಶ್ಯದಿಂದಲೇ ಮರೆಯಾದ. ಮಾತ್ರವಲ್ಲ, ಯಾರ ಕುರಿತು ನಿಷ್ಠುರವಾಗಿ ಬರೆಯಬೇಕೋ ಅವರ ಬಳಿಯೇ ಕೇಳಬೇಕಾದ ಸ್ಥಿತಿ ಬಂದಿತು. ಐದನೆಯ ಕಲಮು ಮನಸ್ಸಾಕ್ಷಿಗೆ ಕಟ್ಟಿಕೊಟ್ಟಿದ್ದ ಆಧಾರ ಈ ಏರ್ಪಾಡಿನಲ್ಲಿಲ್ಲ. ‘ಕಾರ್ಯನಿರತ’ ಪದದಲ್ಲಿ ಒಡೆಯನಿಗೆ ಜಾಗವಿಲ್ಲವೆಂದು ಮೇಲೆ ಹೇಳಿದ್ದು ಈ ಕಾರಣಕ್ಕಾಗಿ.

೫

ರಾಷ್ಟ್ರಮಟ್ಟದಲ್ಲಿ ಒಕ್ಕೂಟ ಒಂದಾಗಿಯೂ ಉಳಿಯಲಿಲ್ಲ. ೧೯೭೨ರಲ್ಲಿ ನ್ಯಾಷನಲ್ ಯೂನಿಯನ್ ಆಫ್ ಜರ್ನಲಿಸ್ಟ್ಸ್ ಬೇರೆಯಾಗಿ ಹುಟ್ಟಿತು. ಮುಂದೆ ಒಕ್ಕೂಟದೊಳಗಣ ಭಿನ್ನಮತದಿಂದ ಇಂಡಿಯನ್ ಜರ್ನಲಿಸ್ಟ್ಸ್ ಯೂನಿಯನ್ ಮೂಡಿತು. ಒಕ್ಕೂಟವನ್ನು ದೀರ್ಘಕಾಲ ಮುನ್ನಡೆಸಿ ೨೦೨೫ರಲ್ಲಿ ನಿಧನರಾದ ಕೆ. ವಿಕ್ರಮ ರಾವ್ ಅವರು ತುರ್ತುಪರಿಸ್ಥಿತಿಯಲ್ಲಿ, ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ಅವರೊಡನೆ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಆರೋಪಿಯಾಗಿ ಸೆರೆಮನೆ ಕಂಡವರು. ಅಂಥ ಹಿನ್ನೆಲೆಯ ನಾಯಕತ್ವವಿದ್ದೂ ಸಂಘಟನೆಗಳ ಶಕ್ತಿಯ ಗಣನೀಯ ಪಾಲು ಯಾವುದು ಅಧಿಕೃತ, ಯಾವುದು ಅಲ್ಲ ಎಂಬ ತಕರಾರಿನಲ್ಲಿ ಸವೆಯಿತು.

ಇದಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ತೋರುವುದು ೨೦೦೨ರಲ್ಲಿ ರೂಪುಗೊಂಡ ನೆಟ್‌ವರ್ಕ್ ಆಫ್ ವಿಮೆನ್ ಇನ್ ಮೀಡಿಯಾ, ಇಂಡಿಯಾ. ಅದರ ಹೆಸರಿನಲ್ಲಿ ‘ವರ್ಕಿಂಗ್’ ಇಲ್ಲ. ಬಿಡಿ ಬರಹಗಾರ್ತಿಯರೂ ದೃಶ್ಯಮಾಧ್ಯಮದವರೂ ಅದರ ವ್ಯಾಪ್ತಿಗೆ ಬಂದರು. ಮದುವೆ, ಹೆರಿಗೆ, ಊರು ಬದಲಾವಣೆಗಳ ನಡುವೆ ನೌಕರಿ ಬಿಟ್ಟು ಮತ್ತೆ ಹಿಡಿಯುವ ಹೆಣ್ಣಿಗೆ ‘ಪ್ರಧಾನ ವೃತ್ತಿ’, ‘ನೇಮಕ’ ಎಂಬ ಷರತ್ತುಗಳು ಗಂಡಸಿಗೆ ಹೊಂದಿದಂತೆ ಹೊಂದುವುದಿಲ್ಲ. ಹಳೆಯ ವ್ಯಾಖ್ಯೆಯ ಮೌನ ಗಂಡಸಿನ ಅವಿಚ್ಛಿನ್ನ ಸೇವೆಯನ್ನು ಊಹಿಸಿಕೊಂಡಿತ್ತೆಂಬುದು ಹೀಗೆ ಬೆಳಕಿಗೆ ಬಂದಿತು.

ಹಳೆಯ ವ್ಯಾಖ್ಯೆಯ ಕಡೆಯ ದೊಡ್ಡ ಪರೀಕ್ಷೆ ಮಜೀಠಿಯಾ ಮಂಡಳಿಯ ಪ್ರಕರಣ. ೨೦೧೧ರ ನವೆಂಬರ್ ೧೧ರಂದು ಅಧಿಸೂಚಿತವಾದ ಶಿಫಾರಸುಗಳನ್ನು ಸರ್ವೋಚ್ಚ ನ್ಯಾಯಾಲಯ ೨೦೧೪ರ ಫೆಬ್ರವರಿ ೭ರಂದು ಎತ್ತಿಹಿಡಿದು, ಬಾಕಿಯನ್ನು ನಾಲ್ಕು ಕಂತುಗಳಲ್ಲಿ ತೀರಿಸಲು ಆದೇಶಿಸಿತು. ಹಲವು ಸಂಸ್ಥೆಗಳು ಹೊಸ ಶ್ರೇಣಿ ತಮಗೆ ಬೇಡವೆಂಬ ಒಪ್ಪಿಗೆಪತ್ರಗಳನ್ನು ನೌಕರರ ಸಹಿಯೊಂದಿಗೆ ಮುಂದಿಟ್ಟವು. ನ್ಯಾಯಾಂಗ ನಿಂದನೆಯ ಅರ್ಜಿಗಳ ಮೇಲೆ ೨೦೧೭ರ ಜೂನ್ ೧೯ರಂದು ಬಂದ ತೀರ್ಪು, ಮಂಡಳಿ ನಿಗದಿಪಡಿಸಿದ್ದಕ್ಕಿಂತ ಕಡಿಮೆ ವೇತನಕ್ಕೆ ಅಂಥ ಒಪ್ಪಿಗೆ ಸಲ್ಲದು, ಗುತ್ತಿಗೆಯ ನೌಕರರಿಗೂ ಶಿಫಾರಸು ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ಆದರೆ ಉದ್ದೇಶಪೂರ್ವಕ ನಿಂದನೆ ನಡೆದಿಲ್ಲವೆಂದು ಹೇಳಿ, ಬಾಕಿ ಬರಬೇಕಾದವರು ಕಾಯಿದೆಯ ಹದಿನೇಳನೆಯ ಕಲಮಿನಡಿ ಮುಂದುವರಿಯಬೇಕೆಂದಿತು. ಎಂದರೆ, ಪ್ರತಿಯೊಬ್ಬನೂ ತನ್ನ ತನ್ನ ಕಡತ ಹಿಡಿದು ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಬೇಕು. ಒಟ್ಟಾಗಿ ಗೆದ್ದದ್ದನ್ನು ಒಬ್ಬೊಬ್ಬರಾಗಿ ವಸೂಲು ಮಾಡಿಕೊಳ್ಳಬೇಕಾದ ಈ ಘಟ್ಟದಲ್ಲಿ ಸಂಘಟನೆಯ ಆವಶ್ಯಕತೆ ಹಿಂದೆಂದಿಗಿಂತ ಹೆಚ್ಚಾಗಿತ್ತು. ಗುತ್ತಿಗೆ ನವೀಕರಣದ ಭಯದಲ್ಲಿದ್ದ ಹೊಸ ತಲೆಮಾರಿನವರು ಸದಸ್ಯತ್ವದಿಂದಲೇ ದೂರ ಸರಿದಿದ್ದುದೂ ಅದೇ ಹೊತ್ತಿನಲ್ಲಿ.

೨೦೨೦ರಲ್ಲಿ ಸಂಸತ್ತು ಅಂಗೀಕರಿಸಿ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ೧೯೫೫ರ ಅಧಿನಿಯಮವನ್ನೂ ೧೯೫೮ರ ವೇತನದರ ಶಾಸನವನ್ನೂ ತಮ್ಮೊಳಗೆ ಅಡಗಿಸಿಕೊಂಡವು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ‘ಕಾರ್ಯನಿರತ ಪತ್ರಕರ್ತ’ನ ವ್ಯಾಖ್ಯೆ ಉಳಿದಿದೆ, ಉಳಿದಿರುವುದಷ್ಟೇ ಅಲ್ಲ, ವಿದ್ಯುನ್ಮಾನ ಮತ್ತು ಡಿಜಿಟಲ್ ಮಾಧ್ಯಮಗಳ ಸಂಸ್ಥೆಗಳಿಗೂ ಚಾಚಿಕೊಂಡಿದೆ. ದಶಕಗಳಿಂದ ಸಂಘಟನೆಗಳು ಕೇಳುತ್ತ ಬಂದ ವಿಸ್ತರಣೆ ಇದು. ಆದರೆ ಆ ಶಬ್ದಕ್ಕೆ ಬೆನ್ನೆಲುಬಾಗಿದ್ದ ವೇತನ ಮಂಡಳಿಯ ಹಳೆಯ ಕಲಮುಗಳು ಹೊಸ ಪಾಠದಲ್ಲಿಲ್ಲ. ಬೇಲಿ ಹಿಗ್ಗಿದ ಹೊತ್ತಿಗೆ ಒಳಗಿನ ಬೆಳೆ ಕಡಿಮೆಯಾಗಿತ್ತು. ಪಟ್ಟಿ ಇಂದಿಗೂ ಸಂಪಾದಕನಿಂದ ಮೊದಲಾಗಿ ಕರಡಚ್ಚು ತಿದ್ದುವವನಲ್ಲಿಗೆ ಮುಗಿಯುತ್ತದೆ. ಕನ್ನಡದ ಎಷ್ಟೋ ಪತ್ರಿಕಾಲಯಗಳಲ್ಲಿ ಕರಡಚ್ಚಿನ ಮೇಜನ್ನು ತೆಗೆದು ವರ್ಷಗಳಾಗಿವೆ. ಪುಟ ವಿನ್ಯಾಸ ಮಾಡುವವರ, ವಿಡಿಯೊ ಸಂಕಲನ ಮಾಡುವವರ ಹೆಸರು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರುವುದಿಲ್ಲ.

ಉಪದಾನದ ವಿಷಯವೀಗ ಸಾಮಾಜಿಕ ಭದ್ರತೆಯ ಸಂಹಿತೆಗೆ ಸೇರಿದೆ. ಇತರ ನೌಕರರಿಗೆ ಐದು ವರ್ಷದ ಸೇವೆ ಬೇಕಾದಲ್ಲಿ ಕಾರ್ಯನಿರತ ಪತ್ರಕರ್ತನಿಗೆ ಮೂರು ವರ್ಷ ಸಾಕೆಂದು ಅದು ಹೇಳುತ್ತದೆ. ರಾಜೀನಾಮೆಗೆ ಕಾರಣವನ್ನು ಅದು ಕೇಳುವುದಿಲ್ಲ. ಲೆಕ್ಕದ ದೃಷ್ಟಿಯಿಂದ ೧೯೬೨ರ ಏರ್ಪಾಡಿಗಿಂತ ಇದು ಉದಾರವಾದದ್ದು. ಮೂರು ಮತ್ತು ಹತ್ತು ವರ್ಷಗಳ ನಡುವಣ ಅಂತರವೇ ಇಲ್ಲವಾದ್ದರಿಂದ ಅದನ್ನು ಸೂಚಿಸುತ್ತಿದ್ದ ‘ಮನಸ್ಸಾಕ್ಷಿ’ ಎಂಬ ಪದಕ್ಕೂ ಅಲ್ಲಿ ಕೆಲಸವಿಲ್ಲದಾಗಿದೆ.